ಆರು ದಿನಗಳ ಜಗಳ ಬಿಡಿ, ಆದಾಮನ ಪ್ರಶ್ನೆಗೆ ಬನ್ನಿ

ಪ್ರಶ್ನೆ: ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇದು: "ನಾವು ಕೆಥೋಲಿಕರು. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯು ಓದುತ್ತಿದ್ದಾಳೆ, ನೀಟ್‌ಗೂ ತಯಾರಿ ನಡೆದಿದೆ. ವಿಕಾಸದ ಪಾಠ ಮುಗಿಸಿಕೊಂಡು ರಜೆಗೆ ಬಂದವಳು ಆದಾಮ, ಹವ್ವ ಎಲ್ಲ ಕಟ್ಟುಕಥೆ ಅಂದುಬಿಟ್ಟಳು. ನನ್ನ ಹೆಂಡತಿ ಗುರುವಾರ ಸಂಜೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾಳೆ. ಅಲ್ಲಿಯ ಪಾಸ್ಟರ್, ದೇವರು ಲೋಕವನ್ನು ಸೃಷ್ಟಿಸಿದ ಆರು ದಿನ ಎಂದರೆ ಆರೇ ದಿನ, ಭೂಮಿಗೆ ಆರು ಸಾವಿರ ವರ್ಷ, ವಿಕಾಸ ಒಪ್ಪಿದವನಿಗೆ ಶಿಲುಬೆಯೂ ಬೇಕಿಲ್ಲ ಎಂದು ಹೇಳಿದ್ದಾರಂತೆ. ಅದಕ್ಕೆ ಸರಿಯಾಗಿ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂದಿದೆ: ಡಾರ್ವಿನ್ ಸಾಯುವಾಗ ಪಶ್ಚಾತ್ತಾಪಪಟ್ಟ, ಕಾರ್ಬನ್ ಡೇಟಿಂಗ್ ಸುಳ್ಳು, ಮಂಗನಿಂದ ಮಾನವ ಆಗಿದ್ದರೆ ಮಂಗಗಳು ಇನ್ನೂ ಯಾಕಿವೆ, ಇತ್ಯಾದಿ. ನಮ್ಮ ಫಾದರ್ 'ಚರ್ಚಿನ ವಿರೋಧ ಇಲ್ಲ' ಎಂದಷ್ಟೇ ಹೇಳಿ ಮುಗಿಸಿದರು. ಪಕ್ಕದ ತೋಟದವರು 'ನಮ್ಮ ದಶಾವತಾರದಲ್ಲೇ ಎಲ್ಲ ಇದೆ ಮಾರಾಯ್ರೆ' ಅನ್ನುತ್ತಾರೆ. ಮಗಳು ರಜೆಯಲ್ಲಿ ಚಿಕ್ಕ ಮಕ್ಕಳಿಗೆ ಧರ್ಮೋಪದೇಶದ ಪಾಠ ಮಾಡುತ್ತಾಳೆ. ಅಲ್ಲಿ ಏನು ಹೇಳಬೇಕು, ಪರೀಕ್ಷೆಯಲ್ಲಿ ಏನು ಬರೆಯಬೇಕು? ಇವೆರಡರಲ್ಲಿ ಒಂದನ್ನು ಬಿಡಲೇಬೇಕೆ?"

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಭೂಮಿಯ ವಯಸ್ಸೆಷ್ಟು ಎಂಬುದು ಒಂದು. ಮನುಷ್ಯನೂ ಸೇರಿ ಜೀವಿಗಳೆಲ್ಲ ಒಂದೇ ಮೂಲದಿಂದ ಕವಲೊಡೆದು ಬಂದವೇ ಎಂಬುದು ಇನ್ನೊಂದು. ಆದಾಮನೆಂಬ ಒಬ್ಬ ವ್ಯಕ್ತಿ ಇದ್ದನೇ, ಅವನಿಂದಲೇ ಪಾಪವೂ ಸಾವೂ ಬಂದವೇ ಎಂಬುದು ಮೂರನೆಯದು. ಕೂಟದ ಪಾಸ್ಟರ್ ಮೂರನ್ನೂ ಒಟ್ಟಿಗೆ ಒಪ್ಪಿಸುತ್ತಾರೆ, ನಿಮ್ಮ ಮಗಳು ಮೂರನ್ನೂ ಒಟ್ಟಿಗೆ ತಳ್ಳಿಹಾಕುತ್ತಾಳೆ. ಜನ ಹೆಚ್ಚು ಕಿತ್ತಾಡುವುದು ಮೊದಲನೆಯದರ ಮೇಲೆ, ಆದರೆ ಮೂರರಲ್ಲಿ ಅದೇ ಸುಲಭದ್ದು. ಕ್ರೈಸ್ತ ವಿಶ್ವಾಸಕ್ಕೆ ನಿಜಕ್ಕೂ ಬಿಗಿಯಾದ ಗಂಟು ಇರುವುದು ಮೂರನೆಯದರಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ದಣಿದಿರುತ್ತಾರೆ, ಮಾತು ಮುರಿಯುತ್ತದೆ.

ಮೊದಲು ವಿಡಿಯೋ ಮುಗಿಸೋಣ. ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್ 19ರಂದು. ಪಶ್ಚಾತ್ತಾಪದ ಕಥೆ ಅಚ್ಚಾದದ್ದು 1915ರಲ್ಲಿ, ಅಮೆರಿಕದ ಒಂದು ಬ್ಯಾಪ್ಟಿಸ್ಟ್ ಪತ್ರಿಕೆಯಲ್ಲಿ. ಲೇಡಿ ಹೋಪ್ ಎಂಬ ಧರ್ಮಪ್ರಚಾರಕಿ ಹೇಳಿದ್ದು ಅದು. ಡಾರ್ವಿನ್ನರ ಮಗಳು ಹೆನ್ರಿಯೆಟಾ, ತಂದೆಯ ಕೊನೆಯ ದಿನಗಳಲ್ಲಿ ಜೊತೆಗಿದ್ದವರು, ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ಹಾಗೆ ನೋಡಿದರೆ ಕಥೆ ನಿಜವಾಗಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಒಂದು ಸಿದ್ಧಾಂತ ನಿಲ್ಲುವುದು ಪುರಾವೆಯ ಮೇಲೆ, ಅದನ್ನು ಹೇಳಿದವರ ಮರಣಶಯ್ಯೆಯ ಮಾತಿನ ಮೇಲಲ್ಲ.

ಮಂಗಗಳು ಇನ್ನೂ ಯಾಕಿವೆ ಎಂಬ ಪ್ರಶ್ನೆ ವಿಕಾಸವಾದ ಹೇಳದೇ ಇರುವುದನ್ನು ಅದರ ಬಾಯಿಗೆ ತುರುಕುತ್ತದೆ. ಈಗಿರುವ ಮಂಗನಿಂದ ಮನುಷ್ಯ ಬಂದನೆಂದು ಯಾರೂ ಹೇಳುವುದಿಲ್ಲ. ಶರಾವತಿ ಕಣಿವೆಯ ಸಿಂಗಳೀಕಕ್ಕೂ ನಮಗೂ ಬಹಳ ಹಿಂದಿನ ಒಬ್ಬನೇ ಪೂರ್ವಜ ಎಂಬುದಷ್ಟೇ ವಾದ. ದೊಡ್ಡಪ್ಪನ ಮಕ್ಕಳು ಬದುಕಿದ್ದಾರೆ ಎಂಬ ಕಾರಣಕ್ಕೆ ಅಜ್ಜ ಇರಲೇ ಇಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಪಿಲ್ಟ್‌ಡೌನ್ ಮಾನವ ಮೋಸ ಎಂದೂ ಇಂಥ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಆ ಮಾತು ನಿಜ. 1912ರಲ್ಲಿ ಇಂಗ್ಲೆಂಡಿನಲ್ಲಿ ಯಾರೋ ಮನುಷ್ಯನ ತಲೆಬುರುಡೆಗೆ ಒರಾಂಗುಟಾನಿನ ದವಡೆ ಸೇರಿಸಿ ಹೂತಿಟ್ಟಿದ್ದರು. 1953ರಲ್ಲಿ ಆ ಮೋಸ ಬಯಲು ಮಾಡಿದವರೂ ವಿಜ್ಞಾನಿಗಳೇ. ಮನುಷ್ಯ ವಿಕಾಸದ ಇಂದಿನ ತಿಳಿವಳಿಕೆ ಆ ಬುರುಡೆಯನ್ನು ಅವಲಂಬಿಸಿಲ್ಲ.

ಕಾರ್ಬನ್ ಡೇಟಿಂಗ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಗೊಂದಲವೆಲ್ಲ ಇಲ್ಲೇ ಇದೆ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 5,730 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ, ಅಂದರೆ 57,300 ವರ್ಷಕ್ಕೆ, ಮೊದಲಿದ್ದದ್ದರ 1,024ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಆದ್ದರಿಂದ ಸುಮಾರು 50,000 ವರ್ಷಕ್ಕಿಂತ ಹಳೆಯ ವಸ್ತುವಿಗೆ ಅದು ಉಪಯೋಗವಿಲ್ಲ. ಭೂಮಿಯ ವಯಸ್ಸನ್ನು ಯಾವ ಭೂವಿಜ್ಞಾನಿಯೂ ಕಾರ್ಬನ್ನಿನಿಂದ ಲೆಕ್ಕ ಹಾಕುವುದಿಲ್ಲ. ಕಾರ್ಬನ್ ತಪ್ಪು, ಆದ್ದರಿಂದ ಭೂಮಿ ಎಳೆಯದು ಎಂಬ ವಾದ ಇಲ್ಲೇ ಕುಸಿಯುತ್ತದೆ.

ಹಳೆಯ ಬಂಡೆಗಳಿಗೆ ಬಳಸುವುದು ಜಿರ್ಕಾನ್ ಎಂಬ ಖನಿಜ. ಕರಗಿದ ಶಿಲೆ ಗಟ್ಟಿಯಾಗುವಾಗ ಅದರೊಳಗೆ ಹುಟ್ಟುವ, ಸಾಮಾನ್ಯವಾಗಿ ಸಣ್ಣ ಮರಳಿನ ಕಣಕ್ಕಿಂತ ದೊಡ್ಡದಾಗದ ಹರಳು ಇದು. ಹರಳಾಗುವಾಗ ಇದು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದೇ. ಇದರಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತವೆ: ಯುರೇನಿಯಂ-238 ಸೀಸ-206 ಆಗುವುದು, ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಯುರೇನಿಯಂ-235 ಸೀಸ-207 ಆಗುವುದು, ಸುಮಾರು 70 ಕೋಟಿ ವರ್ಷ. ಬಂಡೆ ಮತ್ತೆ ಕಾದು ಸೀಸ ಸೋರಿದ್ದರೆ ಎರಡು ಗಡಿಯಾರಗಳೂ ಬೇರೆ ಬೇರೆ ವಯಸ್ಸು ತೋರಿಸುತ್ತವೆ, ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಎರಡೂ ಒಪ್ಪಿದಾಗ ಮಾತ್ರ ಆ ವಯಸ್ಸನ್ನು ನೇರವಾಗಿ ನಂಬುತ್ತಾರೆ. ನಿಮ್ಮ ಕಾಲ ಕೆಳಗಿರುವ ಮಲೆನಾಡಿನ ತಳಪಾಯದ ಗ್ನೈಸ್ ಶಿಲೆಗೆ 300 ಕೋಟಿ ವರ್ಷ ದಾಟಿದೆ. ಶಿವಮೊಗ್ಗದ ಹೆಸರಿನಲ್ಲೇ ಕರೆಯುವ ಶಿಸ್ಟ್ ಪಟ್ಟಿಯ ಡಾಲಮೈಟ್ ಬಂಡೆಗಳಲ್ಲಿ ಸ್ಟ್ರೊಮಾಟೊಲೈಟ್‌ಗಳು ಸಿಕ್ಕಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರ ಒಂದರ ಮೇಲೊಂದು ಕೂತು ಕಲ್ಲಾದ ಗುರುತು ಅವು, 250 ಕೋಟಿ ವರ್ಷಕ್ಕೂ ಹಿಂದಿನವು. ಇಡೀ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಉಲ್ಕಾಶಿಲೆಗಳ ಸೀಸ ಅಳೆದು ಕೊಟ್ಟ ಅಂಕಿ ಇದಕ್ಕೆ ಬಹಳ ಹತ್ತಿರವಿತ್ತು, ಆಮೇಲೆ ದೊಡ್ಡ ಬದಲಾವಣೆ ಆಗಿಲ್ಲ.

ಹಾಗಾದರೆ ಆರು ಸಾವಿರ ವರ್ಷ ಎಲ್ಲಿಂದ ಬಂತು? ಬೈಬಲಿನಲ್ಲಿ ಆ ಅಂಕಿ ಎಲ್ಲೂ ಇಲ್ಲ. ವಂಶಾವಳಿಗಳಲ್ಲಿರುವ ವಯಸ್ಸುಗಳನ್ನು ಕೂಡಿ ಹಲವರು ಲೆಕ್ಕ ಹಾಕಿದರು. ಹೆಸರಾದದ್ದು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಲೆಕ್ಕ: ಕ್ರಿಸ್ತಪೂರ್ವ 4004. ಮುಂದೆ ಅದನ್ನು ಇಂಗ್ಲಿಷ್ ಬೈಬಲಿನ ಪುಟದಂಚಿನಲ್ಲಿ ಅಚ್ಚು ಹಾಕತೊಡಗಿದರು. ಅಂಚಿನಲ್ಲಿದ್ದದ್ದು ಕೆಲವು ತಲೆಮಾರುಗಳಲ್ಲಿ ದೇವವಾಕ್ಯದಷ್ಟೇ ಗಟ್ಟಿಯಾಗಿ ಕೂತಿತು.

ಇದರ ಜೊತೆಗಿರುವ ಇನ್ನೊಂದು ತಪ್ಪು ನಂಬಿಕೆ, ಡಾರ್ವಿನ್ ಬರುವ ತನಕ ಕ್ರೈಸ್ತರೆಲ್ಲ ಆರು ದಿನವನ್ನು ಅಕ್ಷರಶಃ ನಂಬಿದ್ದರು ಎಂಬುದು. ಮೂರನೆಯ ಶತಮಾನದ ಕ್ರೈಸ್ತ ಚಿಂತಕ ಒರಿಜೆನ್, ಸೂರ್ಯನೇ ಇಲ್ಲದೆ ಮೊದಲ ಮೂರು ದಿನಗಳಿಗೆ ಸಂಜೆ, ಬೆಳಗು ಹೇಗಾದವು ಎಂದು ಕೇಳಿದ್ದರು. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನದಲ್ಲಿ ಈ ದಿನಗಳು ನಮ್ಮ ದಿನಗಳಂತಲ್ಲ ಎಂದರು. ಭೂಮಿ, ಆಕಾಶ, ನಕ್ಷತ್ರಗಳ ವಿಚಾರ ಕ್ರೈಸ್ತನಲ್ಲದವನಿಗೂ ತಿಳಿದಿರುತ್ತದೆ, ಗ್ರಂಥದ ಹೆಸರು ಹೇಳಿ ಅಲ್ಲಿ ಅಸಂಬದ್ಧ ಮಾತಾಡಿದರೆ ಪುನರುತ್ಥಾನದ ಮಾತನ್ನೂ ಅವನು ನಂಬಲಾರ ಎಂದು ಎಚ್ಚರಿಸಿದ್ದೂ ಅವರೇ. ಹಾಗಂತ ಅಗಸ್ಟೀನರನ್ನು ವಿಕಾಸವಾದಿ ಮಾಡಿಬಿಡಬೇಡಿ. ಮನುಷ್ಯಕುಲಕ್ಕೆ ಆರು ಸಾವಿರ ವರ್ಷವೂ ಆಗಿಲ್ಲ ಎಂದೇ ಅವರು ನಂಬಿದ್ದರು. ಸಂತ ಬಾಸಿಲರಂತಹ ದೊಡ್ಡವರು ದಿನವನ್ನು ದಿನವೆಂದೇ ಓದಿದರು. ಎರಡೂ ಓದು ಮೊದಲಿನಿಂದ ಇದ್ದವು, ಅದಕ್ಕಾಗಿ ಯಾರೂ ಯಾರನ್ನೂ ಸಭೆಯಿಂದ ಹೊರಹಾಕಲಿಲ್ಲ.

ಈಗ ಕೂಟಗಳಲ್ಲಿ ಕೇಳುವ ಬಿಗಿಯಾದ ರೂಪ ಇಪ್ಪತ್ತನೆಯ ಶತಮಾನದ್ದು. ಜಲಪ್ರಳಯವೇ ಬಂಡೆಗಳ ಪದರಗಳನ್ನೆಲ್ಲ ಹಾಸಿತು ಎಂಬ ವಾದವನ್ನು ಸೆವೆಂತ್-ಡೇ ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್ರೆಡಿ ಪ್ರೈಸ್ 1920ರ ದಶಕದಲ್ಲಿ ವಿಸ್ತರಿಸಿ ಬರೆದರು. ಅದನ್ನು 1961ರಲ್ಲಿ ಜಲ ಎಂಜಿನಿಯರ್ ಹೆನ್ರಿ ಮಾರಿಸ್ ಮತ್ತು ದೈವಶಾಸ್ತ್ರಜ್ಞ ಜಾನ್ ವಿಟ್‌ಕಂಬ್ ಸೇರಿ ಬರೆದ ಪುಸ್ತಕ ಅಮೆರಿಕದ ಇವ್ಯಾಂಜೆಲಿಕಲ್ ಸಭೆಗಳ ತುಂಬ ಹರಡಿತು. ಅದಕ್ಕೂ ಮುಂಚೆ, 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ವಿಕಾಸ ಕಲಿಸಿದ ತಪ್ಪಿಗೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರ ಮೇಲೆ ಮೊಕದ್ದಮೆ ನಡೆದಾಗ, ವಿಕಾಸವಾದದ ವಿರುದ್ಧ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್ ಅವರೇ ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಸಾಕ್ಷಿಕಟ್ಟೆಯಲ್ಲಿ ಒಪ್ಪಿಕೊಂಡಿದ್ದರು. ಮಲೆನಾಡಿನ ಒಂದು ಪ್ರಾರ್ಥನಾ ಮಂದಿರದಲ್ಲಿ ಅನಾದಿಕಾಲದ ಕ್ರೈಸ್ತ ಬೋಧನೆ ಎಂದು ಕೇಳಿಸುವ ಮಾತು ಎಷ್ಟೋ ಸಲ ಅರವತ್ತರ ದಶಕದ ಅಮೆರಿಕದ್ದು.

ಮಗಳ ಕಡೆಯ ತಪ್ಪು ಕಲ್ಪನೆಯನ್ನೂ ಹೇಳಬೇಕು. ವಿಜ್ಞಾನ ಒಂದು ಕಡೆ, ಚರ್ಚು ಇನ್ನೊಂದು ಕಡೆ ನಿಂತು ಹೊಡೆದಾಡಿದವು ಎಂಬ ಚಿತ್ರ ಕೋಚಿಂಗ್ ತರಗತಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಅವಳು ಪರೀಕ್ಷೆಗೆ ಓದುವ ಅನುವಂಶಿಕತೆಯ ನಿಯಮಗಳನ್ನು ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಮೆಂಡೆಲ್ ಅಗಸ್ಟೀನಿಯನ್ ಮಠದ ಸಂನ್ಯಾಸಿ. ಅಮೆರಿಕದಲ್ಲಿ ಡಾರ್ವಿನ್ನರ ಪರ ಮೊದಲು ವಾದಿಸಿದ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರೆಸ್ಬಿಟೇರಿಯನ್ ಭಕ್ತರು. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ಜೀವವಿಜ್ಞಾನಿ ದೊಬ್‌ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರು. ಡಾರ್ವಿನ್ನರ ದೇಹವನ್ನು ಹೂಳಿದ್ದು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಚರ್ಚಿನೊಳಗೆ.

ಇನ್ನು ಎರಡನೆಯ ಪ್ರಶ್ನೆ, ಒಂದೇ ಮೂಲದ ಮಾತು. ಇಲ್ಲಿ ಸಾಮಾನ್ಯವಾಗಿ ಕೊಡುವ ಉದಾಹರಣೆ ಔಷಧ ನಿರೋಧ. ನಿಮಗದು ತೋಟದಿಂದಲೇ ಗೊತ್ತು. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕುಲಕ್ಕೆ ಮೆಟಲಾಕ್ಸಿಲ್ ಒಳ್ಳೆಯ ಮದ್ದು, ಆದರೆ ಅದು ಆ ಜೀವಿಯ ಒಂದೇ ಒಂದು ಕೆಲಸವನ್ನು ತಡೆಯುತ್ತದೆ. ಆ ಜಾಗದಲ್ಲಿ ಚಿಕ್ಕ ವ್ಯತ್ಯಾಸವಿರುವ ತಳಿ ಉಳಿದು ಹಬ್ಬುತ್ತದೆ. ಯುರೋಪಿನ ಆಲೂಗಡ್ಡೆಯ ಅಂಗಮಾರಿಯಲ್ಲಿ, ಇದೇ ಕುಲದ ರೋಗ, ಈ ಮದ್ದು ಬಂದು ಕೆಲವೇ ವರ್ಷಗಳಲ್ಲಿ, 1980ರ ಹೊತ್ತಿಗೆ ನಿರೋಧಕ ತಳಿಗಳು ಎದ್ದವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಮಾಡುವ ನಮ್ಮ ಬೋರ್ಡೊ ದ್ರಾವಣ 1880ರ ದಶಕದಿಂದ ಇವತ್ತಿಗೂ ನಡೆಯುತ್ತಿದೆ, ಯಾಕೆಂದರೆ ತಾಮ್ರ ಒಂದೇ ಸಲಕ್ಕೆ ಹಲವು ಕಡೆ ಹೊಡೆಯುತ್ತದೆ. ಆದರೆ ಈ ಉದಾಹರಣೆ ಹಿಡಿದು ಪಾಸ್ಟರ ಹತ್ತಿರ ಹೋಗಬೇಡಿ. "ಇದು ಒಂದೇ ಜಾತಿಯೊಳಗಿನ ಬದಲಾವಣೆ, ನಾವೂ ಒಪ್ಪುತ್ತೇವೆ" ಎನ್ನುತ್ತಾರೆ, ಮತ್ತು ಅವರ ಮಾತು ಅಷ್ಟರ ಮಟ್ಟಿಗೆ ಸರಿ. ಕೊಳೆರೋಗ ಮನುಷ್ಯನ ಮೂಲವನ್ನು ಸಾಬೀತು ಮಾಡುವುದಿಲ್ಲ.

ಅದಕ್ಕೆ ಬೇರೆ ಪುರಾವೆ ಬೇಕು, ಅದು ನಮ್ಮ ದೇಹದಲ್ಲೇ ಇದೆ. ಹಸು, ನಾಯಿ, ಬೆಕ್ಕು ತಮಗೆ ಬೇಕಾದ ವಿಟಮಿನ್ ಸಿ ಅನ್ನು ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ಅದರ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮಲ್ಲಿ ಇದೆ, ಆದರೆ ಮುರಿದು ಬಿದ್ದಿದೆ. ಚಿಂಪಾಂಜಿಯಲ್ಲೂ ಸಿಂಗಳೀಕದಲ್ಲೂ ಅದೇ ಜೀನ್ ಕೆಟ್ಟಿದೆ. ಕೆಲಸ ಮಾಡುವ ಅಂಗ ಒಂದೇ ಥರ ಇದ್ದರೆ ಒಬ್ಬನೇ ಶಿಲ್ಪಿ ಮಾಡಿದ ಎನ್ನಬಹುದು. ಕೆಟ್ಟುಹೋದ ಜೀನಿನ ಅವಶೇಷ ಹೋಲುವುದಕ್ಕೆ ಆ ವಿವರಣೆ ಸಾಲದು. ಇನ್ನೊಂದು, ಜೀನುಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮುಗಳು ನಮಗೆ 23 ಜೊತೆ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ. ಕ್ರೋಮೋಸೋಮಿನ ತುದಿಗಳಲ್ಲಿ ಮಾತ್ರ ಇರಬೇಕಾದ ಮರುಕಳಿಕೆಯ ಸರಣಿ ನಮ್ಮ ಎರಡನೆಯ ಕ್ರೋಮೋಸೋಮಿನ ನಡುವೆ, ತುದಿಗೆ ತುದಿ ಅಂಟಿದಂತೆ ಕೂತಿದೆ. ಪ್ರತಿ ಕ್ರೋಮೋಸೋಮಿಗೂ ಒಂದೇ ಇರುವ ಸೆಂಟ್ರೊಮಿಯರ್ ಎಂಬ ಗಂಟಿನ ಜೊತೆಗೆ, ಕೆಲಸ ನಿಂತುಹೋದ ಎರಡನೆಯದರ ಗುರುತೂ ಅದರಲ್ಲಿದೆ. ಎರಡು ಕೂಡಿ ಒಂದಾದದ್ದು ಓದಲು ಬರುವವರಿಗೆ ಎದ್ದು ಕಾಣುತ್ತದೆ. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಇವ್ಯಾಂಜೆಲಿಕಲ್ ಕ್ರೈಸ್ತರಾಗಿದ್ದೂ ಸಾಮಾನ್ಯ ಪೂರ್ವಜರನ್ನು ಒಪ್ಪಲು ಇಂಥ ಪುರಾವೆಗಳೇ ಕಾರಣ. ಜೀವಿಗಳ ರಚನೆಯ ಹಿಂದೆ ಬುದ್ಧಿಯುಳ್ಳ ವಿನ್ಯಾಸಕನಿದ್ದಾನೆ ಎನ್ನುವ 'ಅರಿವುಳ್ಳ ವಿನ್ಯಾಸ' ವಾದದ ಮುಂದಾಳು, ಕೆಥೋಲಿಕರಾದ ಮೈಕಲ್ ಬೀಹಿ ಕೂಡ ಸಾಮಾನ್ಯ ಪೂರ್ವಜರನ್ನು ಒಪ್ಪುತ್ತಾರೆ. ಈ ವಿಷಯ ಆ ವಾದವನ್ನು ಹರಡುವವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಇಷ್ಟಾದ ಮೇಲೆ ಬೈಬಲ್ ತೆರೆಯಿರಿ. ಮನೆಯಲ್ಲಿ ಮೂವರೂ ಕೂತು ಮಾಡಬಹುದಾದ ಕೆಲಸವಿದು, ಒಂದು ಗಂಟೆ ಸಾಕು. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆದಿಕಾಂಡ 1:1ರಿಂದ 2:3ರವರೆಗೆ, ಬಲಕ್ಕೆ 2:4ರಿಂದ 2:25ರವರೆಗೆ ಏನೇನು ಯಾವ ಕ್ರಮದಲ್ಲಿ ಉಂಟಾಯಿತು ಎಂದಷ್ಟೇ ಬರೆಯಿರಿ. ಎಡದಲ್ಲಿ ಗಿಡಮರ, ಆಮೇಲೆ ಮೀನು, ಹಕ್ಕಿ, ಮೃಗ, ಕೊನೆಗೆ ಗಂಡು, ಹೆಣ್ಣು ಒಟ್ಟಿಗೆ. ಬಲದಲ್ಲಿ ಮೊದಲು ಮನುಷ್ಯ, ಆಮೇಲೆ ತೋಟದ ಮರಗಳು, ಆಮೇಲೆ ಮೃಗಪಕ್ಷಿ, ಕೊನೆಗೆ ಹೆಣ್ಣು. ಇಲ್ಲಿ ಆಗುವ ತಪ್ಪೆಂದರೆ ಬರೆಯುವಾಗಲೇ ಎರಡನ್ನೂ ಹೊಂದಿಸಲು ಹೋಗುವುದು. ಮೊದಲು ಬರೆದು ಮುಗಿಸಿ, ಆಮೇಲೆ ಮಾತು. ಎರಡನೆಯ ಅಧ್ಯಾಯ ಆರನೆಯ ದಿನದ ವಿವರ ಮಾತ್ರ, ಮೃಗಗಳನ್ನು ಅಷ್ಟರಲ್ಲಿ ಉಂಟುಮಾಡಿ ಆಗಿತ್ತು ಎಂದು ಓದಬೇಕು ಎಂಬುದು ಆರು ದಿನದವರ ಉತ್ತರ. ಅದನ್ನೂ ಕೇಳಿ. ಇನ್ನೊಂದು ಹಾಳೆಯಲ್ಲಿ ಮೊದಲ ಮೂರು ದಿನಗಳ ಎದುರಿಗೆ ಕೊನೆಯ ಮೂರನ್ನು ಇಡಿ: ಬೆಳಕಿನ ಎದುರು ಸೂರ್ಯಚಂದ್ರ, ಆಕಾಶ ಮತ್ತು ನೀರಿನ ಎದುರು ಹಕ್ಕಿ ಮತ್ತು ಮೀನು, ಒಣನೆಲದ ಎದುರು ಮೃಗ ಮತ್ತು ಮನುಷ್ಯ. ಮೊದಲು ಮನೆ, ಆಮೇಲೆ ಅದರಲ್ಲಿ ವಾಸಿಸುವವರು. ಬರೆದವರು ಕಾಲಾನುಕ್ರಮಕ್ಕಿಂತ ಈ ಹೊಂದಿಕೆಗೆ ಗಮನ ಕೊಟ್ಟಂತೆ ನನಗೂ ತೋರುತ್ತದೆ.

ದಶಾವತಾರದ ಮಾತಿಗೂ ಇಲ್ಲೇ ಉತ್ತರವಿದೆ. ಮತ್ಸ್ಯ, ಕೂರ್ಮ, ವರಾಹ ಎಂದು ವಿಕಾಸಕ್ಕೆ ಜೋಡಿಸುವುದೂ, ಒಂದೊಂದು ದಿನ ಎಂದರೆ ಕೋಟಿಗಟ್ಟಲೆ ವರ್ಷ ಎಂದು ಕ್ರೈಸ್ತರು ಜೋಡಿಸುವುದೂ ಒಂದೇ ಜಾತಿಯ ಕೆಲಸ. ವಿಜ್ಞಾನ ಬದಲಾದಾಗ ಗ್ರಂಥ ಬೀಳುತ್ತದೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಮಹಾಸ್ಫೋಟದ ಸಿದ್ಧಾಂತವನ್ನು "ಬೆಳಕಾಗಲಿ" ಎಂಬ ಮಾತಿಗೆ ಜೋಡಿಸಿ ಭಾಷಣ ಮಾಡಿದರು. ಆ ಸಿದ್ಧಾಂತ ಕೊಟ್ಟ ಲೆಮೇತ್ರ ಸ್ವತಃ ಪಾದ್ರಿ, ಆದರೂ ಅವರಿಗೆ ಅದು ಸರಿಬರಲಿಲ್ಲ. ಹಾಗೆ ಜೋಡಿಸಬೇಡಿ ಎಂದು ಹೇಳಿಸಿದರು. ಮರುವರ್ಷದ ಭಾಷಣದಲ್ಲಿ ಪೋಪ್ ಆ ಮಾತು ಎತ್ತಲಿಲ್ಲ.

ಈಗ ಆದಾಮ. ಪಾಸ್ಟರ "ಶಿಲುಬೆಯೂ ಬೇಡ" ಎಂಬ ಮಾತನ್ನು ನಗೆಯಾಡಿ ತಳ್ಳಬೇಡಿ, ಅದಕ್ಕೆ ಬುಡವಿದೆ. ಕ್ರಿಸ್ತನ ಪ್ರೇಷಿತ ಪೌಲರು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ, 12ರಿಂದ 21ನೆಯ ವಚನ: ಒಬ್ಬ ಮನುಷ್ಯನಿಂದ ಪಾಪ, ಪಾಪದಿಂದ ಮರಣ; ಹಾಗೆಯೇ ಒಬ್ಬನಿಂದ, ಅಂದರೆ ಕ್ರಿಸ್ತನಿಂದ, ಕೃಪೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲೂ ಕ್ರಿಸ್ತನನ್ನು ಕಡೆಯ ಆದಾಮ ಎಂದು ಕರೆದಿದೆ. ಆದಾಮ ಇರಲೇ ಇಲ್ಲ ಎಂದರೆ ಈ ಹೋಲಿಕೆಯ ಒಂದು ಕಾಲು ಅಲುಗುತ್ತದೆ. ಎದುರುಗಡೆ, ಒಂದೊಂದು ಜೀನಿಗೂ ಇಬ್ಬರಲ್ಲಿ ಗರಿಷ್ಠ ನಾಲ್ಕು ರೂಪಗಳಷ್ಟೇ ಇರಲು ಸಾಧ್ಯ. ಇಂದಿನ ಮನುಷ್ಯರ ಜೀನ್ ವೈವಿಧ್ಯ ನೋಡಿದರೆ ಕಳೆದ ಕೆಲವು ಲಕ್ಷ ವರ್ಷಗಳಲ್ಲಿ ಮನುಷ್ಯಕುಲ ಇಬ್ಬರಿಗೇ ಇಳಿದಿತ್ತು ಎನ್ನಲು ಬರುವುದಿಲ್ಲ. ಸಾವಿನ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಮನುಷ್ಯ ಬರುವ ಮೊದಲೇ ಕೋಟ್ಯಂತರ ವರ್ಷ ಪ್ರಾಣಿಗಳು ಸತ್ತಿದ್ದರೆ ಸಾವು ಪಾಪದ ಫಲ ಹೇಗೆ? ಪೌಲರು ಹೇಳುವುದು ಮನುಷ್ಯರ ಮರಣವನ್ನು ಎಂಬುದು ಒಂದು ಉತ್ತರ. ಕೀರ್ತನೆ 104ರಲ್ಲಿ ಸಿಂಹದ ಮರಿಗಳು ದೇವರಲ್ಲೇ ಬೇಟೆ ಕೇಳುತ್ತವೆ, ಅಲ್ಲಿ ಅದು ಶಾಪದಂತೆ ಕಾಣುವುದಿಲ್ಲ. ಆದರೆ ಆದಿಕಾಂಡ 1:30 ಮೃಗಗಳಿಗೂ ಸೊಪ್ಪನ್ನೇ ಆಹಾರವಾಗಿ ಕೊಡುತ್ತದೆ, ಅದನ್ನು ಮುಚ್ಚಿಡಬಾರದು.

ಕ್ರೈಸ್ತರು ಹಿಡಿದಿರುವ ದಾರಿಗಳು ಹಲವು, ಪ್ರತಿಯೊಂದಕ್ಕೂ ಬೆಲೆ ಇದೆ. ಆರು ದಿನ, ಎಳೆಯ ಭೂಮಿ ಎಂದರೆ ಪೌಲರ ಮಾತು ನೇರವಾಗಿ ನಿಲ್ಲುತ್ತದೆ. ಆ ಕೂಟದವರು ಇದನ್ನು ಹಿಡಿದಿರುವುದು ಮೊಂಡುತನದಿಂದಲ್ಲ, ಈ ಕಾರಣಕ್ಕೇ. ಬೆಲೆಯೆಂದರೆ ಭೂವಿಜ್ಞಾನ, ಖಗೋಳ, ಜೀನ್ ವಿಜ್ಞಾನ ಮೂರನ್ನೂ ಒಟ್ಟಿಗೆ ತಳ್ಳಬೇಕು. ಹೆಚ್ಚಿನ ಅಪಾಯ ಮಕ್ಕಳಿಗೆ: ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಿ ಬೆಳೆಸಿದ ಮಗು ಕಾಲೇಜಿನಲ್ಲಿ ಆ ಗೂಟ ಕಿತ್ತುಬಂದ ದಿನ ಎಲ್ಲವನ್ನೂ ಬಿಡುತ್ತದೆ. ನಿಮ್ಮ ಮಗಳು ಅರ್ಧ ದಾರಿಗೆ ಬಂದಂತಿದೆ. ಹಳೆಯ ಭೂಮಿ ಒಪ್ಪಿ ಜೀವಿಗಳನ್ನು ಮಾತ್ರ ಪ್ರತ್ಯೇಕವಾಗಿ ಸೃಷ್ಟಿಸಿದರು ಎನ್ನುವವರು ಬಂಡೆಗಳಿಂದ ಪಾರಾಗುತ್ತಾರೆ, ಕ್ರೋಮೋಸೋಮಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೂರನೆಯ ದಾರಿ ವಿಕಾಸವನ್ನು ಪೂರ್ತಿ ಒಪ್ಪಿ, ಆ ಜನಸಮೂಹದೊಳಗೆ ದೇವರು ಕರೆದ ಒಂದು ಜೋಡಿ ನಿಜವಾಗಿ ಇತ್ತು ಎನ್ನುತ್ತದೆ. ಜೀನುಗಳ ಮೂಲ ಬೇರೆ, ವಂಶಾವಳಿಯ ಮೂಲ ಬೇರೆ. ಕೆಲವೇ ಸಾವಿರ ವರ್ಷ ಹಿಂದಿನ ಒಂದು ಜೋಡಿಯೂ ಇಂದಿನ ಎಲ್ಲರ ವಂಶವೃಕ್ಷದಲ್ಲಿ ಬರಬಹುದು ಎಂದು ಜೋಶುವಾ ಸ್ವಾಮಿದಾಸ್ ಎಂಬ ವಿಜ್ಞಾನಿ 2019ರಲ್ಲಿ ವಾದಿಸಿದರು. ತೋಟದ ಹೊರಗಿದ್ದವರು ಯಾರು, ಅವರಿಗೂ ದೇವರ ಸ್ವರೂಪವಿತ್ತೇ ಎಂಬ ಪ್ರಶ್ನೆ ಇಲ್ಲಿ ಕಷ್ಟದ್ದು. ಆದಾಮನ ಮಗ ಕಾಯಿನ ಯಾರಿಗೆ ಹೆದರಿದ, ಅವನ ಹೆಂಡತಿ ಎಲ್ಲಿಂದ ಬಂದಳು ಎಂಬ ಹಳೆಯ ಪ್ರಶ್ನೆಗಳಿಗೆ ಮಾತ್ರ ಇದು ಸರಾಗ ಉತ್ತರ ಕೊಡುತ್ತದೆ. ನಾಲ್ಕನೆಯವರು ಆದಾಮನೆಂದರೆ ನಾವೆಲ್ಲರೂ ಎನ್ನುತ್ತಾರೆ. ವಿಜ್ಞಾನದ ಜೊತೆ ತಿಕ್ಕಾಟವಿಲ್ಲ, ಆದರೆ ಮೂಲಪಾಪದ, ಅಂದರೆ ಆದಾಮನ ಪಾಪ ಎಲ್ಲರಿಗೂ ಅಂಟಿಬಂದಿದೆ ಎಂಬ, ಬೋಧನೆಯನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ನಿಮ್ಮ ಫಾದರ್ ಹೇಳಿದ್ದು ಸರಿ, ಅರ್ಧಕ್ಕೆ ನಿಲ್ಲಿಸಿದರು ಅಷ್ಟೆ. ಮಾನವ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂದು ತಜ್ಞರು ಚರ್ಚಿಸಬಹುದು ಎಂದು 1950ರಲ್ಲಿ ಹನ್ನೆರಡನೆಯ ಪಿಯೂಸ್ ಬರೆದರು. ಆತ್ಮವನ್ನು ದೇವರು ನೇರವಾಗಿ ಸೃಷ್ಟಿಸುತ್ತಾರೆ ಎಂಬುದನ್ನು ಬಿಡುವಂತಿಲ್ಲ, ಹಲವು ಮೊದಲ ತಂದೆತಾಯಿಗಳು ಎಂಬ ಮಾತು ಮೂಲಪಾಪಕ್ಕೆ ಹೇಗೆ ಹೊಂದುತ್ತದೆಂದು ಕಾಣುತ್ತಿಲ್ಲ ಎಂದೂ ಸೇರಿಸಿದರು. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸ ಬರೀ ಊಹೆಯಲ್ಲ, ಅದಕ್ಕಿಂತ ಹೆಚ್ಚಿನದು ಎಂದರು. ಕೆಥೋಲಿಕ ಧರ್ಮೋಪದೇಶ ಗ್ರಂಥದ 337ನೆಯ ಪರಿಚ್ಛೇದ ಆರು ದಿನಗಳನ್ನು ಸಾಂಕೇತಿಕ ಎನ್ನುತ್ತದೆ. 390ನೆಯದು ಪತನದ, ಅಂದರೆ ಮನುಷ್ಯ ಪಾಪಕ್ಕೆ ಬಿದ್ದ, ಕಥೆಯ ಭಾಷೆ ಸಾಂಕೇತಿಕ, ಆದರೆ ಇತಿಹಾಸದ ಆರಂಭದಲ್ಲಿ ನಿಜವಾಗಿ ನಡೆದ ಘಟನೆಯನ್ನೇ ಹೇಳುತ್ತದೆ ಎನ್ನುತ್ತದೆ. ಹೀಗಾಗಿ ನಿಮಗೆ ಮೂರನೆಯ ದಾರಿ ಸಲೀಸು, ನಾಲ್ಕನೆಯದನ್ನು ದೈವಶಾಸ್ತ್ರಜ್ಞರು ಚರ್ಚಿಸುತ್ತಿದ್ದಾರೆ, ಮೊದಲನೆಯದನ್ನು ನಂಬಲೇಬೇಕೆಂದು ನಿಮ್ಮ ಸಭೆ ಹೇಳುವುದೇ ಇಲ್ಲ. ಇವುಗಳಲ್ಲಿ ನನ್ನ ಒಲವು ಮೂರನೆಯದರ ಕಡೆಗೆ, ತೋಟದ ಹೊರಗಿನವರ ಪ್ರಶ್ನೆಗೆ ಉತ್ತರವಿಲ್ಲ ಎಂಬ ಅರಿವಿನೊಂದಿಗೇ. ಮಗಳ ಮುಂದೆಯೂ ಹಾಗೆಯೇ ಹೇಳಿ. ಹದಿನೇಳರ ಹುಡುಗಿಗೆ ಬುರುಡೆ ಉತ್ತರ ತಕ್ಷಣ ಗೊತ್ತಾಗುತ್ತದೆ.

ಹೆಂಡತಿಯನ್ನು ಕೂಟ ಬಿಡಿಸಲು ಹೋಗಬೇಡಿ. ಆ ಕೂಟದ ಲಿಖಿತ ವಿಶ್ವಾಸಪ್ರಮಾಣ ಇದೆಯೇ ಎಂದು ಕೇಳಿ, ಅದರಲ್ಲಿ ಆರು ದಿನದ ಮಾತಿದೆಯೇ ನೋಡಿ. ಚರ್ಚಿನ ಹಳೆಯ ಪ್ರಮಾಣಗಳಾದ ಪ್ರೇಷಿತರ ವಿಶ್ವಾಸಪ್ರಮಾಣದಲ್ಲಿ ಇಲ್ಲ, ನೈಸಿಯದ್ದರಲ್ಲೂ ಇಲ್ಲ. ಕೂಟದ್ದರಲ್ಲೂ ಇಲ್ಲದಿದ್ದರೆ ಅದು ಪಾಸ್ಟರ ಅಭಿಪ್ರಾಯ. ಇದ್ದರೆ ಮಗಳನ್ನು ಅಲ್ಲಿ ಸಾಕ್ಷಿ ಹೇಳಲು ನಿಲ್ಲಿಸಬೇಡಿ. ಇನ್ನೊಂದು ಗಮನಿಸಿ: ಇದೆಲ್ಲ ಮಾತಾಡಿದ ಮೇಲೂ ಮಗಳು ಪೂಜೆಗೆ ಒಲ್ಲೆ ಎಂದರೆ ಕಾರಣ ಬೇರೆ ಇರುತ್ತದೆ. ಹಾಸ್ಟೆಲಿನ ಒಂಟಿತನವೋ, ಚರ್ಚಿನವರ ಯಾವುದೋ ಮಾತೋ. ಅದನ್ನು ಕೇಳಿ ತಿಳಿದುಕೊಳ್ಳಿ, ವಿಕಾಸದ ಚರ್ಚೆ ಮುಂದುವರಿಸಬೇಡಿ.

ಧರ್ಮೋಪದೇಶದ ತರಗತಿಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಅವಳು ಕಥೆಯನ್ನು ಇದ್ದಂತೆ ಹೇಳಲಿ: ದೇವರು ಉಂಟುಮಾಡಿದರು, ಒಳ್ಳೆಯದೆಂದು ಕಂಡರು, ತೋಟ ನೋಡಿಕೊಳ್ಳಲು ಮನುಷ್ಯನಿಗೆ ಕೊಟ್ಟರು, ಅವನು ಮಾತು ಮೀರಿದ. "ಇದು ಆರು ಸಾವಿರ ವರ್ಷದ ಹಿಂದೆ ನಡೆದದ್ದು" ಎಂದೂ ಸೇರಿಸುವುದು ಬೇಡ, "ಇದು ಬರೀ ಕಥೆ" ಎಂದೂ ಬೇಡ. ಡೈನೋಸಾರ್ ನೋಹನ ನಾವೆಯಲ್ಲಿತ್ತಾ ಎಂದು ಒಂದು ಮಗುವಾದರೂ ಕೇಳಿಯೇ ಕೇಳುತ್ತದೆ. ಅವು ಮನುಷ್ಯರು ಬರುವುದಕ್ಕೆ ಬಹಳ ಮೊದಲೇ, ಸುಮಾರು 6.6 ಕೋಟಿ ವರ್ಷ ಹಿಂದೆ ಅಳಿದವು, ಬೈಬಲ್ ಅವುಗಳ ಸುದ್ದಿ ಹೇಳುವುದಿಲ್ಲ ಎಂದರೆ ಸಾಕು. ಪಾಠಕ್ಕೆ ಮುಂಚೆ ಫಾದರ್‌ಗೆ ಧರ್ಮೋಪದೇಶ ಗ್ರಂಥದ ಆ ಎರಡು ಪರಿಚ್ಛೇದಗಳ (337, 390) ಸಂಖ್ಯೆ ತೋರಿಸಿ ಒಪ್ಪಿಗೆ ಪಡೆದರೆ, ನಾಳೆ ಯಾವ ಪೋಷಕರು ದೂರಿದರೂ ಅವಳ ತಲೆಯ ಮೇಲೆ ಬರುವುದಿಲ್ಲ.

ಪರೀಕ್ಷೆಗೆ ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಬೇಕು. ಅಲ್ಲಿ ಕೇಳುವುದು ವಿಜ್ಞಾನ ಏನು ಹೇಳುತ್ತದೆ ಎಂದು, ಅವಳ ವಿಶ್ವಾಸವನ್ನಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ವಿಕಾಸದ ಅಧ್ಯಾಯದಲ್ಲಿ ವಿಶೇಷ ಸೃಷ್ಟಿವಾದದ ಮೂರು ಅಂಶಗಳು ಬರುತ್ತವೆ. ಮೂರನೆಯದು, ಆ ವಾದದ ಪ್ರಕಾರ ಭೂಮಿಗೆ ಸುಮಾರು 4,000 ವರ್ಷ ಎಂದಿದೆ. ಅಷರ್ ಅವರ ಲೆಕ್ಕ ಕ್ರಿಸ್ತಪೂರ್ವ 4004 ಆದ್ದರಿಂದ ಇವತ್ತಿಗೆ ಅದು 6,000 ಆಗಬೇಕು. ಆದರೂ ಉತ್ತರಪತ್ರಿಕೆಯಲ್ಲಿ ಪುಸ್ತಕವನ್ನು ತಿದ್ದಲು ಹೋಗದೆ 4,000 ಎಂದೇ ಬರೆಯಲಿ, ಅಂಕ ಅದಕ್ಕೇ ಇರುವುದು.